ಹಳೇ ಸದಸ್ಯರೆಲ್ಲ ಓದಿ: ಎಆರ್‌ಟಿ (ಎಚ್‌ಐವಿ ಹತೋಟಿಯಲ್ಲಿಡುವ) ಮಾತ್ರೆ ಜೊತೆಗೆ ಶುಗರ್, ಬಿಪಿ, ಕಿಡ್ನಿ ಕಡೆಗೂ ಗಮನ ಇರಲಿ

ಎಲ್ಲರಿಗೂ ನಮಸ್ಕಾರ. 2004ರಲ್ಲಿ ಸರ್ಕಾರಿ ಎಆರ್‌ಟಿ ಕೇಂದ್ರಗಳಲ್ಲಿ ಉಚಿತ ಮಾತ್ರೆ ಶುರುವಾದಾಗ, ಇನ್ನೆಷ್ಟು ದಿನ ಬದುಕುತ್ತೇವೆ ಅನ್ನೋದೇ ಚಿಂತೆ. ಆಗ ಶುರು ಮಾಡಿದ ಎಷ್ಟೋ ಜನ ಈಗ ಐವತ್ತು ದಾಟಿದ್ದಾರೆ, ಮೊಮ್ಮಕ್ಕಳನ್ನು ಆಡಿಸುತ್ತಿದ್ದಾರೆ. ತುಂಬಾ ಖುಷಿಯ ವಿಷಯ. ಆದರೆ ವೈರಸ್ ಹತೋಟಿಯಲ್ಲಿದ್ದರೂ ಎಚ್‌ಐವಿ ಇರುವವರಿಗೆ ಹೃದಯದ ಕಾಯಿಲೆ ಬರುವ ಸಾಧ್ಯತೆ ಬೇರೆಯವರಿಗಿಂತ ಜಾಸ್ತಿ, ಇದು ನೆನಪಿರಲಿ.

ಈಗ ಹೆಚ್ಚಿನವರು ತಗೊಳ್ಳೋದು ಟಿಎಲ್‌ಡಿ, ಅಂದ್ರೆ ಟೆನೊಫೊವಿರ್, ಲ್ಯಾಮಿವುಡಿನ್, ಡೊಲುಟೆಗ್ರಾವಿರ್ ಮೂರೂ ಸೇರಿದ್ದು, ದಿನಕ್ಕೆ ಒಂದೇ ಮಾತ್ರೆ. ಒಳ್ಳೆಯ ಔಷಧಿ. ಅದರಲ್ಲಿರುವ ಟೆನೊಫೊವಿರ್ ಕೆಲವರ ಕಿಡ್ನಿಗೆ ತೊಂದರೆ ಕೊಡಬಹುದು, ಹಾಗಾಗಿ ಕಿಡ್ನಿ ಹೇಗಿದೆ ಅಂತ ತೋರಿಸುವ ಕ್ರಿಯಾಟಿನಿನ್ ರಕ್ತ ಪರೀಕ್ಷೆ ತಪ್ಪಿಸಬೇಡಿ. ಡೊಲುಟೆಗ್ರಾವಿರ್‌ನಿಂದ ಕೆಲವರಿಗೆ ತೂಕ ಏರುತ್ತದೆ. ಶುಗರ್‌ಗೆ ಮೆಟ್‌ಫಾರ್ಮಿನ್ ತಗೊಳ್ಳುವವರು ಇನ್ನೂ ಹುಷಾರಾಗಿರಬೇಕು, ಯಾಕಂದ್ರೆ ಡೊಲುಟೆಗ್ರಾವಿರ್ ಜೊತೆಗೆ ಅದು ರಕ್ತದಲ್ಲಿ ಜಾಸ್ತಿ ಉಳಿಯುತ್ತದೆ, ಡೋಸ್ ಎಷ್ಟಿರಬೇಕು ಅಂತ ಡಾಕ್ಟರ್ ನೋಡಬೇಕು. ಶುಗರ್ ಡಾಕ್ಟರ್ ಬೇರೆ ಕಡೆ ಇದ್ದರೆ ಎರಡೂ ಚೀಟಿ ಇಬ್ಬರಿಗೂ ತೋರಿಸಿ. ಮುಚ್ಚಿಡಬೇಡಿ.

ಗ್ಯಾಸ್ಟ್ರಿಕ್‌ಗೆ ಕುಡಿಯುವ ಆಂಟಾಸಿಡ್ ಸಿರಪ್ ಕೂಡ ಈ ಮಾತ್ರೆಯ ಶಕ್ತಿ ಕುಂದಿಸುತ್ತದೆ. ಟಿಎಲ್‌ಡಿ ನುಂಗಿ 2 ಗಂಟೆ ಬಿಟ್ಟು ಕುಡಿಯಿರಿ, ಮೊದಲೇ ಕುಡಿದಿದ್ದರೆ 6 ಗಂಟೆ ಬಿಟ್ಟು ಮಾತ್ರೆ ತಗೊಳ್ಳಿ.

ಅಕ್ಕಂದಿರೇ, ಎಚ್‌ಐವಿ ಇರುವ ಹೆಂಗಸರಿಗೆ ಗರ್ಭಕಂಠದ ಕ್ಯಾನ್ಸರ್ ಅಪಾಯ ಉಳಿದವರಿಗಿಂತ 6 ಪಟ್ಟು ಜಾಸ್ತಿ. ನಾಚಿಕೆ ಬೇಡ, ಕೇಂದ್ರದಲ್ಲೇ ಕೇಳಿ ಪರೀಕ್ಷೆ ಮಾಡಿಸಿಕೊಳ್ಳಿ.

ವರ್ಷಕ್ಕೊಮ್ಮೆ ವೈರಲ್ ಲೋಡ್ (ರಕ್ತದಲ್ಲಿ ವೈರಸ್ ಎಷ್ಟಿದೆ ಅಂತ ನೋಡುವ) ಪರೀಕ್ಷೆ ಮರೆಯಬೇಡಿ. ಬಸ್ ಖರ್ಚು, ಒಂದು ದಿನದ ಕೂಲಿ ಹೋಗುತ್ತೆ, ಗೊತ್ತು. ಮಾತ್ರೆ ತರೋಕೆ ಹೋದ ದಿನವೇ ರಕ್ತ, ಬಿಪಿ, ತೂಕ ಎಲ್ಲ ನೋಡಿಸಿಕೊಂಡು ಬನ್ನಿ. ಏನಾದರೂ ಕೇಳಬೇಕಿದ್ದರೆ ಏಡ್ಸ್ ಸಹಾಯವಾಣಿ 1097ಕ್ಕೆ ಫೋನ್ ಮಾಡಿ, ಉಚಿತ.