‘ಬಿಡಬೇಡಿ’ ಎಂದರೆ ಸಾಲದು, ಕಾರಣವನ್ನೂ ಹೇಳಿ

ಮಾನ್ಯ ಸಂಪಾದಕರೇ,

ನನ್ನ ಅಣ್ಣನಿಗೆ ಸಿಎಂಎಲ್ ಎಂಬ ರಕ್ತದ ಕ್ಯಾನ್ಸರ್ ಇದೆ. ಶಹಾಪುರ ತಾಲ್ಲೂಕಿನ ನಮ್ಮ ಊರಿನಿಂದ ಕಲಬುರಗಿಗೆ ಬಸ್ಸಿನಲ್ಲಿ ಹೋಗಿ ಇಮ್ಯಾಟಿನಿಬ್ ಮಾತ್ರೆ ತರುತ್ತಾನೆ. ಕಳೆದ ವರ್ಷ ತೊಗರಿ ರಾಶಿಯ ಹೊತ್ತಿಗೆ ರಕ್ತದ ವರದಿ ಚೆನ್ನಾಗಿ ಬಂದಿತ್ತು. ಗುಣವಾಯಿತೆಂದು ನಂಬಿ ಎರಡು ತಿಂಗಳು ಮಾತ್ರೆ ಬಿಟ್ಟ. ಬಿಳಿ ರಕ್ತಕಣಗಳು ಮತ್ತೆ ಏರಿದವು. ಬಿಡಬಾರದೆಂದು ಆಸ್ಪತ್ರೆಯವರು ಹೇಳಿದ್ದರು, ಏಕೆಂದು ಹೇಳಿರಲಿಲ್ಲ. ಕೈಗೆ ಕೊಟ್ಟ ಹಾಳೆ ಪೂರ್ತಿ ಇಂಗ್ಲಿಷಿನಲ್ಲಿತ್ತು.

ನಾನು ಪ್ರೌಢಶಾಲೆಯ ವಿಜ್ಞಾನ ಶಿಕ್ಷಕಿ. ಆ ಮೇಲೆ ಅಣ್ಣನಿಗೆ ವಿವರಿಸಿದ್ದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ನಮ್ಮ ಜೀವಕೋಶಗಳಲ್ಲಿ ಪ್ರೋಟೀನ್ ಕೈನೇಸ್ ಎಂಬ ಕಿಣ್ವಗಳಿವೆ. ಮನುಷ್ಯನಲ್ಲಿ 500ಕ್ಕೂ ಹೆಚ್ಚು ಬಗೆ. ಜೀವಕೋಶಕ್ಕೆ ಶಕ್ತಿ ಒದಗಿಸುವ ಎಟಿಪಿ ಎಂಬ ಅಣುವಿನಿಂದ ಫಾಸ್ಫೇಟ್ ಎಂಬ ಒಂದು ಸಣ್ಣ ತುಣುಕನ್ನು ತೆಗೆದು ಬೇರೊಂದು ಪ್ರೋಟೀನಿಗೆ ಅಂಟಿಸುವುದು ಅವುಗಳ ಕೆಲಸ. ಅಂಟಿದೊಡನೆ ಆ ಪ್ರೋಟೀನಿನ ಆಕಾರ ಬದಲಾಗಿ, ಅದರ ಕೆಲಸ ಶುರುವಾಗುತ್ತದೆ ಇಲ್ಲವೇ ನಿಲ್ಲುತ್ತದೆ. ಫಾಸ್ಫಟೇಸ್ ಎಂಬ ಇನ್ನೊಂದು ಬಗೆಯ ಕಿಣ್ವ ಆ ಫಾಸ್ಫೇಟನ್ನು ಮತ್ತೆ ಕಳಚುತ್ತದೆ. ಕಾಲುವೆಯ ತೂಬು ತೆರೆದು ಮುಚ್ಚಿದ ಹಾಗೆ ಎಂದಾಗ, ಕಾಲುವೆಯ ಕೊನೆಯ ಭಾಗದಲ್ಲಿ ಹೊಲವಿರುವ ಅಣ್ಣನಿಗೆ ತಟ್ಟನೆ ಹೊಳೆಯಿತು. ಈ ತೆರೆದು ಮುಚ್ಚುವ ಕ್ರಮವನ್ನು ಸ್ನಾಯುಗಳಲ್ಲಿ ಕಂಡುಹಿಡಿದ ವಿಜ್ಞಾನಿಗಳಾದ ಕ್ರೆಬ್ಸ್ ಮತ್ತು ಫಿಷರ್ ಅವರಿಗೆ 1992ರಲ್ಲಿ ನೊಬೆಲ್ ಬಂತು.

ಅಣ್ಣನ ಕಾಯಿಲೆಯಲ್ಲಿ, ಜೀನುಗಳನ್ನು ಹೊತ್ತ 9 ಮತ್ತು 22ನೇ ಕ್ರೋಮೋಸೋಮುಗಳ ತುಂಡುಗಳು ಅದಲುಬದಲಾಗಿ, ಮುಚ್ಚಲಾಗದ ಕೈನೇಸ್ ಒಂದು ಹುಟ್ಟಿದೆ. ‘ಬೆಳೆ, ಬೆಳೆ’ ಎಂದು ಅದು ಹಗಲಿರುಳು ಬಿಳಿ ಕಣಗಳಿಗೆ ಹೇಳುತ್ತಲೇ ಇರುತ್ತದೆ. ಎಟಿಪಿ ಕೂರಬೇಕಾದ ಜಾಗದಲ್ಲಿ ಈ ಮಾತ್ರೆ ಕೂತು ಅದನ್ನು ತಡೆಯುತ್ತದೆ, ಆದರೆ ಕೆಟ್ಟ ಜೀನನ್ನು ಸರಿಪಡಿಸುವುದಿಲ್ಲ. ಮುರಿದ ತೂಬಿಗೆ ಅಡ್ಡ ಕೊಟ್ಟ ಹಲಗೆ ಅದು. ತೆಗೆದರೆ ನೀರು ನುಗ್ಗುತ್ತದೆ. ವರ್ಷಗಟ್ಟಲೆ ವರದಿ ಚೆನ್ನಾಗಿದ್ದ ಕೆಲವರಿಗೆ ವೈದ್ಯರೇ ಪರೀಕ್ಷೆ ಮಾಡುತ್ತಾ ನಿಲ್ಲಿಸಿ ನೋಡುವುದುಂಟು. ಆ ತೀರ್ಮಾನ ಅವರದ್ದೇ ಆಗಿರಬೇಕು.

2013ರ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟ್ ಪೇಟೆಂಟ್ ನಿರಾಕರಿಸಿದ್ದರಿಂದ ಈ ಔಷಧವನ್ನು ನಮ್ಮ ದೇಶದ ಕಂಪನಿಗಳು ಕಡಿಮೆ ಬೆಲೆಗೆ ತಯಾರಿಸುವ ದಾರಿ ಉಳಿಯಿತು. ಅಷ್ಟು ಹೋರಾಟದಿಂದ ಕೈಗೆಟುಕಿದ ಮಾತ್ರೆಯನ್ನು ತಿಳಿವಳಿಕೆಯಿಲ್ಲದೆ ಬಿಡುವಂತಾದರೆ ನನಗೆ ಸಂಕಟವಾಗುತ್ತದೆ.

ಕಲಬುರಗಿ, ಬೀದರ್, ಯಾದಗಿರಿಯ ಆಸ್ಪತ್ರೆಗಳಲ್ಲಿ ಮಾತ್ರೆ ಕೊಡುವಾಗಲೇ ಇಷ್ಟನ್ನು ಒಂದು ಪುಟದಲ್ಲಿ ಕನ್ನಡದಲ್ಲಿ ಅಚ್ಚು ಹಾಕಿಸಿ ಕೊಡಲಿ, ಬೇಕಾದವರಿಗೆ ಉರ್ದುವಿನಲ್ಲೂ ಕೊಡಲಿ. ಓದಲು ಬಾರದವರಿಗೆ ಸಿಬ್ಬಂದಿ ಎರಡು ನಿಮಿಷ ಕೂತು ಹೇಳಲಿ. ಪುಟ ಬರೆದುಕೊಡಲು ನಾನು ಸಿದ್ಧಳಿದ್ದೇನೆ.

– ಒಬ್ಬ ವಿಜ್ಞಾನ ಶಿಕ್ಷಕಿ, ಶಹಾಪುರ ತಾಲ್ಲೂಕು, ಯಾದಗಿರಿ ಜಿಲ್ಲೆ