ತೆರಿಗೆ ಕಟ್ಟುವಾಗ ಬೇಕು, ಲೈಸೆನ್ಸ್ ಕೇಳಿದರೆ ಬೇಡ

ಮಾನ್ಯ ಸಂಪಾದಕರೇ,

ಅಮೆರಿಕದ ಟೆಕ್ಸಾಸ್‌ನಲ್ಲಿರುವ ನಮ್ಮ ಡ್ರೈವಿಂಗ್ ಲೈಸೆನ್ಸ್ ಕಚೇರಿಯ ಹೊಸ ಟೋಕನ್ ವ್ಯವಸ್ಥೆಯಿಂದ ಎಲ್ಲರಿಗೂ ಅನುಕೂಲವಾಗಿದೆ ಅಂತ ನಿಮ್ಮ ವರದಿಯಲ್ಲಿ ಓದಿದೆ. ಬರೆದವರು ಯಾವ ಕೌಂಟರಿನ ಮುಂದೆ ನಿಂತಿದ್ದರೋ! ನಾನು ಅಲ್ಲಿಂದ ಈಗಷ್ಟೇ ಬರಿಗೈಯಲ್ಲಿ ಬಂದಿದ್ದೇನೆ.

ಟೋಕನ್ ಬೇಗ ಬಂತು, ಒಪ್ಪುತ್ತೇನೆ. ಆದರೆ ಕೌಂಟರಿನಲ್ಲಿದ್ದ ಮಹಾನುಭಾವರು ನನ್ನ ವರ್ಕ್ ಪರ್ಮಿಟ್ ಕಾರ್ಡನ್ನು ಲೈಟಿಗೆ ಹಿಡಿದರು, ತಿರುಗಿಸಿದರು, ಉಗುರಿನಿಂದ ಅಂಚು ಕೆರೆದರು, ಇಷ್ಟೆಲ್ಲ ಆದ ಮೇಲೆ 'ಅವಧಿ ಮುಗಿದಿದೆ' ಅಂದರು. ಅದು ನನಗೂ ಗೊತ್ತು ಸ್ವಾಮಿ, ತಾರೀಖು ಅದರ ಮೇಲೇ ಇದೆಯಲ್ಲ. ಅವಧಿ ಮುಗಿಯುವ 120ರಿಂದ 150 ದಿನ ಮೊದಲೇ ನವೀಕರಣಕ್ಕೆ ಅರ್ಜಿ ಹಾಕಿ ಅಂತ ವಲಸೆ ಇಲಾಖೆಯೇ ಹೇಳುತ್ತದೆ. ಹಾಗೇ ಹಾಕಿ, ಆನ್‌ಲೈನ್‌ನಲ್ಲಿ 555 ಡಾಲರ್ ಕಟ್ಟಿ, ರಸೀದಿಯನ್ನೂ ತಂದಿದ್ದೆ. ರಸೀದಿ ನಡೆಯಲ್ಲವಂತೆ. ಕಾರ್ಡ್ ಇಲ್ಲದೆ ಲೈಸೆನ್ಸ್ ಇಲ್ಲ. ಹೊಸ ಕಾರ್ಡ್ ಬರುವ ತನಕ ಕೆಲಸದಲ್ಲೂ ಸಂಬಳವಿಲ್ಲದ ರಜೆ. ಅಪ್ಪನನ್ನು ಆಸ್ಪತ್ರೆಗೆ ಕರೆದುಕೊಂಡು ಹೋಗಲು ನನ್ನ ತಮ್ಮನೇ ರಜೆ ಹಾಕಬೇಕು. ಅವನು ಇಲ್ಲೇ ಹುಟ್ಟಿದವನು, ಅವನ ಕಾರ್ಡನ್ನು ಯಾರೂ ಕೆರೆಯುವುದಿಲ್ಲ. ಕ್ಯಾಲಿಫೋರ್ನಿಯಾದಲ್ಲಿ 2015ರಿಂದ ವಲಸೆಯ ಕಾಗದ ಪತ್ರ ಇಲ್ಲದವರಿಗೂ ಲೈಸೆನ್ಸ್ ಸಿಗುತ್ತಿದೆ, ನಮ್ಮ ಟೆಕ್ಸಾಸ್‌ಗೆ ಮಾತ್ರ ಏನೋ ಬೇನೆ.

ಜೊತೆಗೆ ಪುಕ್ಕಟೆ ಸಲಹೆ ಬೇರೆ: 'ನಿಮ್ಮ ದೇಶಕ್ಕೆ ಹೋಗಿ ಎಲ್ಲ ಸರಿ ಮಾಡಿಕೊಂಡು ಬನ್ನಿ.' ಹೋದರೆ, ವೀಸಾ ಇಲ್ಲದೆ ವರ್ಷಗಟ್ಟಲೆ ಇಲ್ಲಿದ್ದ ನನ್ನಂಥವಳು 10 ವರ್ಷ ವಾಪಸ್ ಬರುವ ಹಾಗಿಲ್ಲ, 1996ರಿಂದ ಇರುವ ಕಾನೂನು ಅದು. ಕೌಂಟರಿನಲ್ಲಿ ಕೂತವರಿಗೆ ಇಷ್ಟಾದರೂ ಗೊತ್ತಿರಬೇಡವಾ? ಒಂಬತ್ತು ವರ್ಷದ ಹುಡುಗಿಯಾಗಿ ಅಪ್ಪನ ಕೈ ಹಿಡಿದು ಬಂದೆ. 2009ರಲ್ಲಿ ಅಪ್ಪನ ಕೆಲಸ ಹೋಯಿತು, ಅದರ ಹಿಂದೆಯೇ ವೀಸಾನೂ ಹೋಯಿತು. 2012ರಲ್ಲಿ ಡಾಕಾ (DACA) ಬಂತು, ಚಿಕ್ಕಂದಿನಲ್ಲಿ ಬಂದು ಕಾಗದ ಪತ್ರ ಇಲ್ಲದೆ ಉಳಿದವರಿಗೆ ತಾತ್ಕಾಲಿಕ ರಕ್ಷಣೆ ಮತ್ತು ವರ್ಕ್ ಪರ್ಮಿಟ್ ಕೊಡುವ ಯೋಜನೆ. ಎರಡು ವರ್ಷ ಹೊರಹಾಕುವುದಿಲ್ಲ, ಮತ್ತೆ ದುಡ್ಡು ಕಟ್ಟಿ, ಮತ್ತೆ ಎರಡು ವರ್ಷ, ಇಷ್ಟೇ. ಗ್ರೀನ್ ಕಾರ್ಡಿಗೆ ಅದರಲ್ಲಿ ದಾರಿಯಿಲ್ಲ. ಆ ಡಾಕಾನೂ ಎಲ್ಲರಿಗೆ ಸಿಗಲಿಲ್ಲ. ನನ್ನ ಚಿಕ್ಕಪ್ಪನ ಮಗಳ ಕಾಗದ ಪತ್ರ ಆಗ ಸರಿಯಾಗೇ ಇತ್ತು, ಅದೇ ಕಾರಣಕ್ಕೆ ಅವಳಿಗೆ ಡಾಕಾ ಇಲ್ಲ. 21 ತುಂಬಿದ ಕೂಡಲೇ ಅಪ್ಪ ಅಮ್ಮನ ವೀಸಾದಿಂದಲೂ ಹೊರಗೆ. ಕಾನೂನು ಪಾಲಿಸಿದ್ದಕ್ಕೆ ಎಂಥಾ ಬಹುಮಾನ ನೋಡಿ!

ತೆರಿಗೆಗೆ ಮಾತ್ರ ಇವರಿಗೆ ನಾವು ಬೇಕು. ಸೋಷಿಯಲ್ ಸೆಕ್ಯುರಿಟಿ (ಪಿಂಚಣಿ), ಮೆಡಿಕೇರ್ (ವಯಸ್ಸಾದವರ ಆರೋಗ್ಯ ವಿಮೆ) ಅಂತ ಪ್ರತಿ ಸಂಬಳದಲ್ಲೂ ಮುರಿದುಕೊಳ್ಳುತ್ತಾರೆ, ಆಗ ಯಾರೂ ಕಾರ್ಡನ್ನು ಲೈಟಿಗೆ ಹಿಡಿಯುವುದಿಲ್ಲ. ಕಾಲೇಜಿಗೆ ಸೇರುವಾಗ ಕೇಂದ್ರ ಸರ್ಕಾರದ ನೆರವು ಕೇಳಿದರೆ 'ನೀವು ಯಾರು?'

ಇನ್ನು ಇಲ್ಲಿರುವ ನಮ್ಮ ಭಾರತದ ಕಾನ್ಸುಲೇಟ್ ಕಚೇರಿಯವರ ಕತೆ. ಪಾಸ್‌ಪೋರ್ಟ್ ನವೀಕರಿಸಲು ಹೋದರೆ ಇಲ್ಲಿನ ವೀಸಾ ತೋರಿಸಿ ಅಂದರು. ಅಲ್ರೀ, ಅದಿದ್ದಿದ್ದರೆ ಇಷ್ಟೆಲ್ಲ ಯಾಕೆ? ಅಲ್ಲಿನ ಫೋನಂತೂ ಎತ್ತುವವರೇ ಇಲ್ಲ, ಎತ್ತಿದರೆ ಊಟದ ಸಮಯ. ಕನ್ನಡ ಸಂಘದಲ್ಲಿ ರಾಜ್ಯೋತ್ಸವದ ಹಾಡಿಗೆ ಮುಂದಿನ ಸಾಲಿನಲ್ಲಿ ನಿಲ್ಲಿಸುತ್ತಾರೆ, ಕಾರ್ಯಕ್ರಮ ಮುಗಿದ ಮೇಲೆ ಅದೇ ಆಂಟಿಯರು 'ಗ್ರೀನ್ ಕಾರ್ಡ್ ಆಯ್ತಾ? ಊರಿಗೆ ಯಾವಾಗ?' ಅಂತಾರೆ. ಪ್ರತಿ ಸಲ ಏನೋ ಒಂದು ಸುಳ್ಳು ಹೇಳಿ ಪಾರಾಗುತ್ತೇನೆ. ಇಲ್ಲಿಯವಳು ಅಂದರೆ ಇಲ್ಲಿಯವರು ಒಪ್ಪಲ್ಲ, ಅಲ್ಲಿಯವಳು ಅನ್ನೋಣವೆಂದರೆ ನನಗೆ ಅಲ್ಲಿನ ಬಸ್ ಹತ್ತಲೂ ಬರಲ್ಲ.

ಸಂಬಂಧಪಟ್ಟವರು ಯಾರೋ, ಅವರು ಇನ್ನಾದರೂ ಕಣ್ಣು ಬಿಡಲಿ. ರಸೀದಿ ಒಪ್ಪಿಕೊಳ್ಳಲಿ, ಇಲ್ಲವೇ ಕಾರ್ಡನ್ನು ಹೊತ್ತಿಗೆ ಸರಿಯಾಗಿ ಕಳಿಸಲಿ, ಏನಾದರೂ ಒಂದು ಮಾಡಲಿ. ಕೌಂಟರಿನವರಿಗೆ ಮೊದಲು ಮಾತಾಡುವುದನ್ನು ಕಲಿಸಲಿ, ಆಗದಿದ್ದರೆ ಆ ಟೋಕನ್ ಮಷಿನ್ನನ್ನೇ ಅಲ್ಲಿ ಕೂರಿಸಲಿ. ಅದು ಕಾರ್ಡ್ ಕೆರೆಯಲ್ಲ, ಬುದ್ಧಿನೂ ಹೇಳಲ್ಲ.

— ನೊಂದ ಓದುಗಿ, ಟೆಕ್ಸಾಸ್
(ದಯವಿಟ್ಟು ಹೆಸರು ಹಾಕಬೇಡಿ, ಕಾರಣ ಮೇಲೇ ಇದೆ)