ಆದಾಯ ಪತ್ರ ಯಾಕೆ ಕೇಳಿದೆವು: ದ್ವಿತೀಯ ಪಿಯುಸಿ ಪೋಷಕರಿಗೆ ಪತ್ರ

ಪೋಷಕರಿಗೆಲ್ಲ ನಮಸ್ಕಾರ.

ಕುಯ್ಲು ಶುರುವಾಗಿದೆ. ಬೆಳಗ್ಗೆ ತೋಟಕ್ಕೆ ಹೋದವರು ಹಣ್ಣು ತೂಕ ಹಾಕಿಸಿ, ಆಳಿನ ಲೆಕ್ಕ ಮುಗಿಸಿ ಮನೆ ಸೇರುವಾಗ ಕತ್ತಲಾಗಿರುತ್ತದೆ. ಇಂಥ ಹೊತ್ತಲ್ಲಿ ಇಷ್ಟುದ್ದ ಪತ್ರ ಕಳಿಸುತ್ತಿದ್ದೇನೆ, ಬೇಸರ ಮಾಡ್ಕೋಬೇಡಿ. ಎರಡು ದಿನ ತಗೊಂಡು ಓದಿದರೂ ಪರವಾಗಿಲ್ಲ.

ಹೋದ ಶನಿವಾರದ ಸಭೆಯಲ್ಲಿ ಆದ ಮಾತು ಬಂದಿದ್ದವರಿಗೆ ಗೊತ್ತು. ಬರದವರಿಗೆ ವಾಟ್ಸಾಪ್‌ನಲ್ಲಿ ಮುಟ್ಟಿರುತ್ತದೆ, ಸ್ವಲ್ಪ ಉಪ್ಪು ಖಾರ ಜಾಸ್ತಿ ಆಗಿ. ಸ್ಕಾಲರ್‌ಶಿಪ್, ಶುಲ್ಕ ಮಾಫಿಗೆ ಅರ್ಜಿ ಹಾಕಿಸಲು ನಾವು ಮಕ್ಕಳ ಕೈಲಿ ಒಂದು ಫಾರಂ ಕಳಿಸಿದ್ದೆವು. ಮನೆಯ ವರ್ಷದ ಆದಾಯ, ಜಾತಿ ಮತ್ತು ಆದಾಯ ಪ್ರಮಾಣಪತ್ರದ ಆರ್‌ಡಿ ನಂಬರ್ (ಪತ್ರದ ಮೇಲೇ ಅಚ್ಚಾಗಿರುತ್ತದೆ), ಮಗುವಿನ ಬ್ಯಾಂಕ್ ಖಾತೆಯ ವಿವರ, ಇಷ್ಟು ಕೇಳಿದ್ದೆವು. ಸಭೆಯಲ್ಲಿ ಒಬ್ಬರು ಎದ್ದು, "ಮೇಡಂ, ನಮ್ಮ ಆದಾಯ ಕಟ್ಕೊಂಡು ನಿಮಗೇನಾಗಬೇಕು? ನಾವೇನು ನಿಮ್ಮ ಹತ್ರ ಕೈ ಒಡ್ಡಿದ್ದೀವಾ?" ಎಂದರು. ಶಿಕ್ಷಣ ಸಾಲದ ಬಗ್ಗೆ ಹೇಳಲು ನಾವು ಕರೆಸಿದ್ದ ಬ್ಯಾಂಕಿನವರನ್ನು ನೋಡಿ ಇನ್ನೊಬ್ಬರು, "ಸಾಲ ಮಾಡೋದು ಕಲಿಸೋಕೆ ಕಾಲೇಜು ಬೇಕಾ?" ಎಂದರು. ಚಪ್ಪಾಳೆಯೂ ಬಿತ್ತು. ಆವತ್ತು ನಾನು ಸರಿಯಾಗಿ ಉತ್ತರ ಕೊಡಲಿಲ್ಲ. ಸಿಟ್ಟು ಬಂದಿತ್ತು, ಸುಳ್ಳು ಯಾಕೆ ಹೇಳಲಿ.

ಮೊದಲು ನಮ್ಮ ತಪ್ಪು ಹೇಳಿಬಿಡುತ್ತೇನೆ. ಆ ಫಾರಂಗಳನ್ನು ಕ್ಲಾಸಿನಲ್ಲೇ ಎಲ್ಲರ ಮುಂದೆ ಜೋಡಿಸಿಟ್ಟೆವು. ಒಬ್ಬ ಹುಡುಗನ ಮನೆಯ ಆದಾಯವನ್ನು ಪಕ್ಕದವನು ಜೋರಾಗಿ ಓದಿದ. ನಾಲ್ಕು ಜನ ನಕ್ಕರು. ಆ ಹುಡುಗ ಎರಡು ದಿನ ಕಾಲೇಜಿಗೆ ಬರಲಿಲ್ಲ. ಅವನ ಮನೆಗೆ ಹೋಗಿ ತಾಯಿಯ ಹತ್ತಿರ ಕ್ಷಮೆ ಕೇಳಿ ಬಂದಿದ್ದೇನೆ. ನಿಮ್ಮ ಹತ್ತಿರವೂ ಕೇಳುತ್ತೇನೆ. ಇನ್ನು ಮೇಲೆ ಫಾರಂ ಅಂಟಿಸಿದ ಕವರ್‌ನಲ್ಲೇ ಬರಬೇಕು. ನಾನು ಮತ್ತು ಸ್ಕಾಲರ್‌ಶಿಪ್ ನೋಡಿಕೊಳ್ಳುವ ಉಪನ್ಯಾಸಕರು, ಇಬ್ಬರೇ ತೆರೆಯುತ್ತೇವೆ.

ಆದರೆ ಕೇಳಿದ್ದು ತಪ್ಪಲ್ಲ. ಮತ್ತೆ ಕೇಳುತ್ತಿದ್ದೇನೆ.

ನಮ್ಮ ಕಡೆ ಕೈಗೆ ದುಡ್ಡು ಬರೋದು ಯಾವಾಗ? ಕಾಫಿ, ಮೆಣಸು ಮಾರಿದ ಮೇಲೆ. ಅಂದರೆ ಜನವರಿಯಿಂದ ಏಪ್ರಿಲ್‌ವರೆಗೆ. ಡಿಗ್ರಿಗೋ ಎಂಜಿನಿಯರಿಂಗಿಗೋ ಫೀಸು ಕಟ್ಟಬೇಕಾದ್ದು ಮಳೆಗಾಲದಲ್ಲಿ. ಹೊರಗೆ ಹಿಡಿದ ಮಳೆ ಬಿಡಲ್ಲ, ಬೀರುವಿನಲ್ಲಿ ಏನೂ ಇರಲ್ಲ. ಸಿಇಟಿಯಲ್ಲಿ ಸೀಟು ಸಿಕ್ಕಿತು ಅಂದರೆ ದುಡ್ಡು ಕಟ್ಟಲು ಕೆಲವೇ ದಿನ ಕೊಡುತ್ತಾರೆ. ಆ ದಿನಗಳಲ್ಲಿ ಒಡವೆ ಅಡ ಇಡುವುದು, ತಿಂಗಳಿಗೆ ನೂರಕ್ಕೆ ಎರಡು ರೂಪಾಯಿ ಬಡ್ಡಿಗೆ ತರುವುದು, ಬರುವ ವರ್ಷದ ಬೆಳೆ ಮೇಲೆ ಮುಂಗಡ ಎತ್ತುವುದು. ಇದನ್ನು ನಾನು ವರ್ಷ ವರ್ಷ ನೋಡುತ್ತಿದ್ದೇನೆ. ನಮ್ಮ ಮನೆಯಲ್ಲೂ ನೋಡಿದ್ದೇನೆ. ನನ್ನ ಬಿಎಸ್ಸಿ ಮೊದಲ ವರ್ಷದ ಫೀಸಿಗೆ ನಮ್ಮಮ್ಮನ ಸರ ಅಡಕ್ಕೆ ಹೋಯಿತು. ಅದು ತಿರುಗಿ ಬಂದಿದ್ದು ನನಗೆ ಕೆಲಸ ಸಿಕ್ಕ ಮೇಲೆ. ನನಗೆ ಸ್ಕಾಲರ್‌ಶಿಪ್ ಬರುತ್ತಿತ್ತು ಅಂತ ಗೊತ್ತಾಗಿದ್ದು ಕೊನೆಯ ವರ್ಷದಲ್ಲಿ, ಅದೂ ಹಾಸ್ಟೆಲಿನ ಗೆಳತಿ ಹೇಳಿದ್ದಕ್ಕೆ. ನಮ್ಮಪ್ಪನೂ ನಿಮ್ಮ ಹಾಗೇ ಅಂದಿದ್ದರು, ಯಾರ ಹತ್ರಾನೂ ಕೇಳೋದು ಬೇಡ ಅಂತ.

ಸ್ಕಾಲರ್‌ಶಿಪ್ ಅಂದರೆ ಕೈ ಒಡ್ಡುವುದಲ್ಲ. ನೀವು ಬೆಂಕಿಪೊಟ್ಟಣ ಕೊಂಡಾಗಲೂ ತೆರಿಗೆ ಕಟ್ಟಿದ್ದೀರಿ. ಆ ದುಡ್ಡಿನಲ್ಲಿ ಒಂದು ಪಾಲು ನಿಮ್ಮ ಮಗಳ ಓದಿಗೆ ಅಂತ ತೆಗೆದಿಟ್ಟಿದ್ದಾರೆ. ನೀವು ಕೇಳದಿದ್ದರೆ ಅದು ಇನ್ನೊಬ್ಬರಿಗೆ ಹೋಗುತ್ತದೆ, ಇಲ್ಲವೇ ಖರ್ಚಾಗದೆ ಉಳಿಯುತ್ತದೆ. ಇದರಲ್ಲಿ ಮಾನ ಹೋಗುವುದು ಏನಿದೆ?

"ನಮ್ಮದು ಜನರಲ್, ನಮಗೇನೂ ಬರಲ್ಲ" ಎಂದು ಸುಮ್ನೆ ಕೂತವರೂ ಇದ್ದಾರೆ. ಅದು ಪೂರ್ತಿ ನಿಜ ಅಲ್ಲ. ಕೇಂದ್ರ ಸರ್ಕಾರದ ಒಂದು ಸ್ಕಾಲರ್‌ಶಿಪ್ ಇದೆ, ಜಾತಿ ಯಾವುದಾದರೂ ಸರಿ, ಮನೆಯ ಆದಾಯ ವರ್ಷಕ್ಕೆ 4.5 ಲಕ್ಷದೊಳಗೆ ಇರಬೇಕು. ಡಿಗ್ರಿ ಓದುವಾಗ ವರ್ಷಕ್ಕೆ 12,000 ರೂಪಾಯಿ. ಪಿಯುಸಿಯಲ್ಲಿ 80 ಪರ್ಸೆಂಟೈಲ್ ಕೇಳುತ್ತಾರೆ. ಇದನ್ನು ನೂರಕ್ಕೆ 80 ಅಂಕ ಅಂದುಕೊಂಡು ಎಷ್ಟೋ ಮಕ್ಕಳು ಅರ್ಜಿಯನ್ನೇ ಹಾಕುವುದಿಲ್ಲ. ಅಂಕದ ಲೆಕ್ಕ ಅಲ್ಲ ಅದು. ನಮ್ಮ ಬೋರ್ಡಿನಲ್ಲಿ ಅದೇ ವಿಭಾಗದಲ್ಲಿ ಪಾಸಾದವರ ಪೈಕಿ ಮೇಲಿನ ನೂರಕ್ಕೆ ಇಪ್ಪತ್ತು ಜನರೊಳಗೆ ಇರಬೇಕು ಅಂತ. ಇದಕ್ಕೆ ರಾಷ್ಟ್ರೀಯ ಸ್ಕಾಲರ್‌ಶಿಪ್ ಪೋರ್ಟಲ್‌ನಲ್ಲಿ ಅರ್ಜಿ ಹಾಕಬೇಕು. ಅದರಲ್ಲೇ ಎಂಜಿನಿಯರಿಂಗ್ ಸೇರುವ ಹೆಣ್ಣುಮಕ್ಕಳಿಗೆ ತಾಂತ್ರಿಕ ಶಿಕ್ಷಣದ ಕೇಂದ್ರ ಮಂಡಳಿ ಎಐಸಿಟಿಇಯ ಪ್ರಗತಿ ಸ್ಕಾಲರ್‌ಶಿಪ್ ಇದೆ, ವರ್ಷಕ್ಕೆ 50,000. ಆದಾಯ 8 ಲಕ್ಷದವರೆಗೆ ಇದ್ದರೂ ನಡೆಯುತ್ತದೆ, ಒಂದು ಮನೆಯ ಇಬ್ಬರು ಹೆಣ್ಣುಮಕ್ಕಳವರೆಗೆ ಕೊಡುತ್ತಾರೆ. ನಮ್ಮದು ಸರ್ಕಾರಿ ಕಾಲೇಜು. ಹತ್ತನೇ ಕ್ಲಾಸನ್ನೂ ಸರ್ಕಾರಿ ಶಾಲೆಯಲ್ಲೇ ಓದಿದ ಹುಡುಗಿಯರು ಡಿಗ್ರಿಯ ಮೊದಲ ವರ್ಷ ಸೇರಿದಾಗ ಅಜೀಂ ಪ್ರೇಮ್‌ಜಿ ಸ್ಕಾಲರ್‌ಶಿಪ್‌ಗೂ ಅರ್ಜಿ ಹಾಕಬಹುದು, ವರ್ಷಕ್ಕೆ 30,000.

ರಾಜ್ಯ ಸರ್ಕಾರದ ಸ್ಕಾಲರ್‌ಶಿಪ್‌ಗಳಿಗೆ ಇರುವುದು ಎಸ್‌ಎಸ್‌ಪಿ ಪೋರ್ಟಲ್, ನಿಮ್ಮಲ್ಲಿ ಬಹಳ ಜನಕ್ಕೆ ಹೆಸರು ಗೊತ್ತು. ಪರಿಶಿಷ್ಟ ಜಾತಿ, ಪಂಗಡದವರ ಮೆಟ್ರಿಕ್ ನಂತರದ ಸ್ಕಾಲರ್‌ಶಿಪ್‌ಗೆ ಕೇಂದ್ರದ ಆದಾಯ ಮಿತಿ 2.5 ಲಕ್ಷ. ಹಿಂದುಳಿದ ವರ್ಗದ ಮಕ್ಕಳಿಗೆ ಹಾಸ್ಟೆಲ್ ಸಿಗದಿದ್ದರೆ ವಿದ್ಯಾಸಿರಿ ಇದೆ, ಊಟ ವಸತಿಗೆ ತಿಂಗಳ ಲೆಕ್ಕದಲ್ಲಿ ಹತ್ತು ತಿಂಗಳು ದುಡ್ಡು ಕೊಡುತ್ತಾರೆ. ಹಾಸ್ಟೆಲ್ ಸಿಕ್ಕರೆ ಇನ್ನೂ ಒಳ್ಳೆಯದು, ನನ್ನ ಪ್ರಕಾರ. ಹಾಸನದಲ್ಲೋ ಚಿಕ್ಕಮಗಳೂರಿನಲ್ಲೋ ರೂಮು ಮಾಡಿ ಮೆಸ್ಸಿನಲ್ಲಿ ಉಂಡರೆ ಫೀಸಿಗಿಂತ ಅದೇ ಜಾಸ್ತಿ ಆಗುತ್ತದೆ. ಎಸ್ಟೇಟ್ ಲೈನಿನಲ್ಲಿ ಇರುವ ಪೋಷಕರು ಒಂದು ಮಾತು ಗಮನಿಸಿ: ತೋಟದ ಕಾರ್ಮಿಕರ ಮಕ್ಕಳಿಗೆ ಕಾಫಿ ಬೋರ್ಡಿನ ನೆರವೂ ಇದೆ, ಕಾರ್ಮಿಕ ಕಲ್ಯಾಣ ಮಂಡಳಿಯದೂ ಇದೆ. ತೋಟದ ಲೆಕ್ಕ ಬರೆಯುವ ರೈಟರ್ ಹತ್ತಿರ ಸಂಬಳದ ಪತ್ರ ಕೇಳಿಟ್ಟುಕೊಳ್ಳಿ. ಸ್ವಂತ ಜಮೀನಿದ್ದವರ ಮಕ್ಕಳಿಗೆ 2021ರಲ್ಲಿ ರೈತ ವಿದ್ಯಾನಿಧಿ ಎಂಬ ಸ್ಕಾಲರ್‌ಶಿಪ್ ಶುರುವಾಯಿತು. ಆಗ ಡಿಗ್ರಿಗೆ ಹುಡುಗರಿಗೆ 5,000, ಹುಡುಗಿಯರಿಗೆ 5,500 ಇತ್ತು. ಅದಕ್ಕೆ ಎಫ್‌ಐಡಿ, ಅಂದರೆ ರೈತರ ನೋಂದಣಿ ನಂಬರ್ ಬೇಕು. ನಮ್ಮಲ್ಲಿ ಅರ್ಧ ಪಹಣಿ ಇನ್ನೂ ತಾತನ ಹೆಸರಿನಲ್ಲೇ ಇವೆ, ಆಮೇಲೆ ಎಫ್‌ಐಡಿ ಆಗಿಲ್ಲ ಅಂತ ಓಡಾಡುತ್ತೀರಿ.

ಎಂಜಿನಿಯರಿಂಗ್ ಬಯಸುವವರು ಎಸ್‌ಎನ್‌ಕ್ಯೂ ಎಂಬ ಮೂರು ಅಕ್ಷರ ನೆನಪಿಡಿ. ಇರುವ ಸೀಟಿನ ಮೇಲೆ ನೂರಕ್ಕೆ ಐದರಷ್ಟು ಹೆಚ್ಚುವರಿ ಸೀಟು, ಬೋಧನಾ ಶುಲ್ಕ ಮಾಫಿ. ಆದಾಯ 8 ಲಕ್ಷದೊಳಗೆ ಇರಬೇಕು. ಸೀಟು ಸಿಕ್ಕ ಮೇಲೆ ಕೇಳಿದರೆ ಸಿಗುವುದಿಲ್ಲ. ಸಿಇಟಿ ಅರ್ಜಿ ತುಂಬುವಾಗಲೇ ಅದನ್ನು ಕೇಳಬೇಕು, ಆಗಲೇ ಆದಾಯ ಪತ್ರದ ಆರ್‌ಡಿ ನಂಬರ್ ಹಾಕಬೇಕು. ನಾವು ನವೆಂಬರಿನಲ್ಲಿ ಗಂಟಲು ಹರಿದುಕೊಳ್ಳುತ್ತಿರುವುದು ಇದಕ್ಕೇ. ನಾಡಕಚೇರಿಯಲ್ಲಿ ಪತ್ರ ಒಮ್ಮೆ ಮಾಡಿಸಿದರೆ ಐದು ವರ್ಷ ನಡೆಯುತ್ತದೆ. ನಿಮ್ಮ ಆದಾಯ ಎಷ್ಟು ಅಂತ ತೀರ್ಮಾನ ಮಾಡುವುದು ಕಂದಾಯ ಇಲಾಖೆ, ನಾವಲ್ಲ. ನಮಗೆ ಬೇಕಾದ್ದು ನಂಬರ್ ಅಷ್ಟೇ. ಆ ಲೆಕ್ಕ ನೋಡಿ ನಮ್ಮ ಕಾಲೇಜಿನ ಫೀಸು ಏರಿಸುತ್ತಾರೆ ಎಂಬ ಮೆಸೇಜ್ ಯಾರು ಹಾಕಿದರೋ, ಅವರಿಗೆ ಸರ್ಕಾರಿ ಕಾಲೇಜಿನ ಫೀಸು ಯಾರು ನಿಗದಿ ಮಾಡುತ್ತಾರೆ ಅಂತ ಗೊತ್ತಿಲ್ಲ.

ಇನ್ನು ಹೆಸರಿನ ವಿಷಯ. ಇದು ಸಣ್ಣದು ಅನ್ನಿಸುತ್ತದೆ, ಆದರೆ ಅತಿ ಹೆಚ್ಚು ದುಡ್ಡು ನಿಂತುಹೋಗುವುದು ಇಲ್ಲೇ. ಎಸ್‌ಎಸ್‌ಎಲ್‌ಸಿ ಅಂಕಪಟ್ಟಿಯಲ್ಲಿ ಒಂದು ಇನಿಷಿಯಲ್, ಆಧಾರ್‌ನಲ್ಲಿ ಎರಡು, ಬ್ಯಾಂಕಿನಲ್ಲಿ ಅಪ್ಪನ ಪೂರ್ತಿ ಹೆಸರು. ಕಂಪ್ಯೂಟರಿಗೆ ಅವರು ಮೂರು ಬೇರೆ ಬೇರೆ ಮನುಷ್ಯರು. ಎರಡು ವರ್ಷದ ಹಿಂದೆ ನಮ್ಮ ಒಬ್ಬ ವಿದ್ಯಾರ್ಥಿನಿಗೆ ಸ್ಕಾಲರ್‌ಶಿಪ್ ಮಂಜೂರಾಗಿತ್ತು. ಅವಳ ಖಾತೆಗೆ ಆಧಾರ್ ಜೋಡಣೆ ಆಗಿರಲಿಲ್ಲ. ಬ್ಯಾಂಕಿನವರು ಆಧಾರ್ ಜೆರಾಕ್ಸ್ ತಗೊಂಡಿದ್ದರು, ಅಷ್ಟೇ. ಜೆರಾಕ್ಸ್ ಕೊಟ್ಟರೆ ಜೋಡಣೆ ಆದ ಹಾಗಲ್ಲ. "ಸರ್ಕಾರದ ದುಡ್ಡು ನೇರವಾಗಿ ಈ ಖಾತೆಗೆ ಬೀಳುತ್ತಾ? ಎನ್‌ಪಿಸಿಐ ಮ್ಯಾಪಿಂಗ್ ಆಗಿದೆಯಾ?" ಎಂದು ಕೌಂಟರಿನಲ್ಲಿ ಬಾಯಿಬಿಟ್ಟು ಕೇಳಿ. ಆಧಾರ್ ಮೇಲೆ ಬರುವ ದುಡ್ಡು ಯಾವ ಖಾತೆಗೆ ಬೀಳಬೇಕು ಅಂತ ದಾಖಲಾಗುವುದೇ ಆ ಮ್ಯಾಪಿಂಗ್. ಖಾತೆ ಮಗುವಿನ ಹೆಸರಿನಲ್ಲೇ ಇರಲಿ. ಓಟಿಪಿ ಬಂದಾಗ ನೀವೇ ಟೈಪ್ ಮಾಡಿ. ಯಾರಿಗೂ ಹೇಳಬೇಡಿ, ನಮ್ಮ ಆಫೀಸಿನವರಿಗೂ ಹೇಳಬೇಡಿ.

ಈಗ ಸಾಲದ ಮಾತು. ಸಭೆಯಲ್ಲಿ ಜಾಸ್ತಿ ಕಾವೇರಿದ್ದು ಇಲ್ಲೇ, ಹಾಗಾಗಿ ಬಿಡಿಸಿ ಹೇಳುತ್ತೇನೆ. ಸಾಲ ಮಾಡಿ ಅಂತ ನಾವು ಯಾರಿಗೂ ಹೇಳಿಲ್ಲ, ಹೇಳುವುದೂ ಇಲ್ಲ. ಆವತ್ತು ಬ್ಯಾಂಕಿನವರನ್ನು ಕರೆಸಿದ್ದಕ್ಕೆ ಕಾಲೇಜಿಗೆ ಕಮಿಷನ್ ಬರುತ್ತೆ ಅಂತಲೂ ಯಾರೋ ಅಂದರಂತೆ. ಅವರಿಗೆ ನಾವೇ ಚಹಾ ಕೊಟ್ಟು ಕಳಿಸಿದ್ದು. ನಮ್ಮ ಮಾತು ಇಷ್ಟೇ: ಹೇಗೂ ಸಾಲ ಮಾಡುವವರು, ಯಾವ ಸಾಲ ಅಂತ ನೋಡಿ ಮಾಡಿ.

ಒಂದು ಲೆಕ್ಕ ನೋಡೋಣ. ವರ್ಷಕ್ಕೆ ಒಂದು ಲಕ್ಷದಂತೆ ನಾಲ್ಕು ವರ್ಷ ತೆಗೆದಿರಿ. ಬ್ಯಾಂಕಿನ ಶಿಕ್ಷಣ ಸಾಲಕ್ಕೆ ಓದು ಮುಗಿದು ಒಂದು ವರ್ಷದವರೆಗೆ ಕಂತು ಕಟ್ಟಬೇಕಿಲ್ಲ. ಆದರೆ ಬಡ್ಡಿ ಬೆಳೆಯುತ್ತಲೇ ಇರುತ್ತದೆ, ಇದನ್ನು ಬ್ಯಾಂಕಿನವರು ಮೆಲ್ಲಗೆ ಹೇಳುತ್ತಾರೆ, ನಾನು ಜೋರಾಗಿ ಹೇಳುತ್ತೇನೆ. ನೂರಕ್ಕೆ ವರ್ಷಕ್ಕೆ ಹತ್ತು ರೂಪಾಯಿ ಅಂತ ಇಟ್ಟುಕೊಂಡರೆ, ಐದು ವರ್ಷ ಮುಗಿಯುವಾಗ ನಾಲ್ಕು ಲಕ್ಷದ ಮೇಲೆ 1.4 ಲಕ್ಷ ಬಡ್ಡಿ. ಅದೇ ದುಡ್ಡನ್ನು ಊರಲ್ಲಿ ಎರಡು ರೂಪಾಯಿ ಬಡ್ಡಿಗೆ ತಂದರೆ 3.36 ಲಕ್ಷ, ಅದೂ ಬಡ್ಡಿಯ ಮೇಲೆ ಬಡ್ಡಿ ಹಾಕದಿದ್ದರೆ. ಹಿಂದುಳಿದ ವರ್ಗ ಮತ್ತು ಅಲ್ಪಸಂಖ್ಯಾತರ ನಿಗಮಗಳ ಅರಿವು ಎಂಬ ಶಿಕ್ಷಣ ಸಾಲಕ್ಕೆ ಬಡ್ಡಿ ನೂರಕ್ಕೆ ಎರಡು, ಆದರೆ ವರ್ಷಕ್ಕೆ. ತಿಂಗಳಿಗೆ ಎರಡಕ್ಕೂ ವರ್ಷಕ್ಕೆ ಎರಡಕ್ಕೂ ಎಷ್ಟು ವ್ಯತ್ಯಾಸ ಅಂತ ನಾನು ಲೆಕ್ಕದ ಮೇಷ್ಟ್ರನ್ನು ಕೇಳಬೇಕಿಲ್ಲ, ನಿಮಗೇ ಗೊತ್ತು.

ನಾಲ್ಕು ಲಕ್ಷದವರೆಗಿನ ಶಿಕ್ಷಣ ಸಾಲಕ್ಕೆ ಬ್ಯಾಂಕುಗಳು ಜಮೀನು ಅಡ ಕೇಳಬಾರದು. ಸಾಲಕ್ಕೆ ಕೇಂದ್ರ ಸರ್ಕಾರವೇ ಜಾಮೀನು ನಿಲ್ಲುವ ಯೋಜನೆಯಲ್ಲಿ 7.5 ಲಕ್ಷದವರೆಗೂ ಅಡ ಇಲ್ಲದೆ ಸಿಗುತ್ತದೆ. ವೃತ್ತಿಪರ ಕೋರ್ಸು ಓದುವವರ ಮನೆ ಆದಾಯ 4.5 ಲಕ್ಷದೊಳಗಿದ್ದರೆ, ಕಂತು ಶುರುವಾಗುವವರೆಗಿನ ಬಡ್ಡಿಯನ್ನು ಕೇಂದ್ರವೇ ಕಟ್ಟುವ ಯೋಜನೆ ಇದೆ. 2024ರ ನವೆಂಬರಿನಲ್ಲಿ ಪಿಎಂ ವಿದ್ಯಾಲಕ್ಷ್ಮಿ ಎಂಬ ಶಿಕ್ಷಣ ಸಾಲದ ಯೋಜನೆ ಬಂದಿದೆ. ಅದು ಪಟ್ಟಿಯಲ್ಲಿರುವ ಕಾಲೇಜುಗಳಿಗೆ ಮಾತ್ರ, ಅಲ್ಲಿ ಆದಾಯ 8 ಲಕ್ಷದವರೆಗಿನವರಿಗೆ ಬಡ್ಡಿಯಲ್ಲಿ ನೂರಕ್ಕೆ ಮೂರು ಕಡಿಮೆ. ಮ್ಯಾನೇಜ್‌ಮೆಂಟ್ ಸೀಟಿಗೆ ಈ ರಿಯಾಯಿತಿಗಳು ಇಲ್ಲ. ಏಜೆಂಟರು ಇದನ್ನು ಹೇಳುವುದಿಲ್ಲ.

ಇವೆಲ್ಲಕ್ಕೂ ಆ ಒಂದು ಆದಾಯ ಪತ್ರ ಬೇಕು, ನೋಡಿದಿರಲ್ವಾ? ಸಾಲ ಬೇಡ ಅನ್ನುವವರಿಗೇ ಅದು ಇನ್ನೂ ಜಾಸ್ತಿ ಬೇಕು. ಸ್ಕಾಲರ್‌ಶಿಪ್, ಶುಲ್ಕ ಮಾಫಿ ಸಿಕ್ಕಷ್ಟು ಸಾಲ ತಪ್ಪುತ್ತದೆ.

ಸ್ಕಾಲರ್‌ಶಿಪ್ ದುಡ್ಡು ಅಡ್ಮಿಷನ್ ದಿನ ಕೈಗೆ ಬರುವುದಿಲ್ಲ, ತಿಂಗಳುಗಟ್ಟಲೆ ತಡವಾಗುವುದೂ ಉಂಟು. ಅದನ್ನು ನಂಬಿ ಮೊದಲ ವರ್ಷದ ಫೀಸಿಗೆ ಕೂರಬೇಡಿ. ಈ ಸಲದ ಕಾಫಿ ಮಾರಿದಾಗ ಒಂದಿಷ್ಟು ಮಗುವಿನ ಖಾತೆಗೆ ಹಾಕಿಟ್ಟುಬಿಡಿ. ಮದುವೆ, ಗೃಹಪ್ರವೇಶ ಎಲ್ಲ ಏಪ್ರಿಲ್ ಮೇನಲ್ಲೇ ಬರುತ್ತವೆ, ಗೊತ್ತಲ್ಲ.

ನಿಮ್ಮ ಮೇಲೆ ನನಗೆ ಕೋಪ ಇಲ್ಲ. ಆವತ್ತು ಎದ್ದು ಮಾತಾಡಿದ ಅಪ್ಪಂದಿರ ಮಕ್ಕಳಿಬ್ಬರೂ ಚೆನ್ನಾಗಿ ಓದುತ್ತಾರೆ, ಅದಕ್ಕೇ ನನಗೆ ಜಾಸ್ತಿ ಕಾಳಜಿ. ಫಾರಂ ಕೊಡದ ಮಕ್ಕಳನ್ನು ಯಾರೂ ಹೊರಗೆ ನಿಲ್ಲಿಸುವುದಿಲ್ಲ, ಬೈಯುವುದೂ ಇಲ್ಲ. ಆದರೆ ಕೊಡದಿದ್ದವರ ಮನೆಗೆ ನಾನೇ ಬರುತ್ತೇನೆ. ಅಷ್ಟು ಮಾತ್ರ ಖಂಡಿತ. ಹಣಕಾಸಿನ ಅಗತ್ಯವೇ ಇಲ್ಲದವರು ಫಾರಂನಲ್ಲಿ "ಬೇಡ" ಎಂದು ಬರೆದು ಸಹಿ ಹಾಕಿದರೂ ಸಾಕು, ಕಾರಣ ಕೇಳುವುದಿಲ್ಲ.

ಡಿಸೆಂಬರ್ 15ರೊಳಗೆ ಆ ಫಾರಂ ತುಂಬಿ ಅಂಟಿಸಿದ ಕವರ್‌ನಲ್ಲಿ ಮಗುವಿನ ಕೈಲಿ ಕಳಿಸಿ.

ಬುಧವಾರ ಮತ್ತು ಶನಿವಾರ ಸಂಜೆ ಆರರವರೆಗೆ ಉಪನ್ಯಾಸಕರೊಬ್ಬರು ಆಫೀಸಿನಲ್ಲಿ ಕಂಪ್ಯೂಟರ್ ಮುಂದೆ ಇರುತ್ತಾರೆ. ಹೆಸರು ತಾಳೆ ಆಗುತ್ತಾ, ಖಾತೆಗೆ ಆಧಾರ್ ಜೋಡಣೆ ಆಗಿದೆಯಾ ಅಂತ ನೋಡಿ ಹೇಳುತ್ತಾರೆ, ದುಡ್ಡೇನೂ ಇಲ್ಲ. ಕುಯ್ಲಿನ ಬಟ್ಟೆಯಲ್ಲೇ ಬನ್ನಿ. ಆಧಾರ್‌ಗೆ ಜೋಡಿಸಿದ ಮೊಬೈಲ್ ಮರೆಯದೆ ತನ್ನಿ, ಚಾರ್ಜ್ ಮಾಡಿಕೊಂಡು.

ಇಂತಿ,
ಪ್ರಾಂಶುಪಾಲರು
ಮೂಡಿಗೆರೆ ತಾಲ್ಲೂಕು, ಚಿಕ್ಕಮಗಳೂರು ಜಿಲ್ಲೆ